ಕೋಯಾ ಬೆಟ್ಟಕ್ಕೆ ಒಯ್ದ ಬಟ್ಟೆ

ಒಸಾಕಾ ನಗರದಿಂದ ಬೆಳಿಗ್ಗೆ ಹೊರಟ ಆ ಪ್ರವಾಸಿ ಬಸ್ಸು ಮುಕ್ಕಾಲು ತುಂಬಿತ್ತು. ಎಲ್ಲರ ಮಡಿಲಲ್ಲೂ ಕ್ಯಾಮೆರಾ, ನೀರಿನ ಬಾಟಲಿ, ಗೈಡ್ ಹಂಚಿದ ನಕಾಶೆ. ನಮ್ಮ ಸಾಹೇಬರ ಮಡಿಲಲ್ಲಿ ಮಾತ್ರ ದುಬೈಯ ನಮ್ಮ ಅಂಗಡಿಯ ಪ್ಲಾಸ್ಟಿಕ್ ಚೀಲವಿತ್ತು. ಅದರೊಳಗೆ ಮಡಿಸಿಟ್ಟ ಬಿಳಿ ಹತ್ತಿ ಬಟ್ಟೆ. ಅದು ಕಫನ್, ಅಂದರೆ ನಮ್ಮಲ್ಲಿ ಹೆಣಕ್ಕೆ ಹೊದಿಸುವ ಬಟ್ಟೆ. ಯಾರಿಗೆಂದು ಅದನ್ನು ತಂದಿದ್ದರೋ ಆ ಮನುಷ್ಯನನ್ನು ಸುಟ್ಟು ಆಗಲೇ ವರ್ಷವಾಗುತ್ತ ಬಂದಿತ್ತು. ಪಕ್ಕದ ಸೀಟಿನಲ್ಲಿದ್ದ ನನಗೆ ಈ ಇಡೀ ಏರ್ಪಾಡಿನ ಮೇಲೆ ಸಿಟ್ಟಿತ್ತು. ಸಿಕ್ಕ ಒಂದು ಬಿಡುವಿನ ದಿನವನ್ನು ನಾನು ಹೋಟೆಲಿನಲ್ಲಿ ಮಲಗಿ ಕಳೆಯಬಹುದಿತ್ತು.

ನಾನು ಉಡುಪಿ ಕಡೆಯ ಬ್ಯಾರಿ, ಸಾಹೇಬರು ಭಟ್ಕಳದ ನವಾಯತರು. ಅವರ ಮನೆಮಾತು ನನಗೆ ಅರ್ಧ ತಿಳಿಯುತ್ತಿತ್ತು, ನನ್ನದು ಅವರಿಗೆ ಅಷ್ಟೂ ಇಲ್ಲ. ಹಾಗಾಗಿ ನಮ್ಮಿಬ್ಬರ ನಡುವೆ ಕನ್ನಡವೇ ನಡೆಯುತ್ತಿತ್ತು. ದುಬೈಯ ದೇರಾ ಭಾಗದ ಅಲ್ ಮುರಕ್ಕಬಾತ್‌ನಲ್ಲಿ, ಊಟದ ಹೋಟೆಲುಗಳ ಸಾಲಿನ ಹಿಂದಿನ ಬೀದಿಯಲ್ಲಿ, ಅವರದು ಬಟ್ಟೆಯ ಸಗಟು ಅಂಗಡಿ. ಅರಬರು ತೊಡುವ ಉದ್ದನೆಯ ಬಿಳಿ ನಿಲುವಂಗಿ, ಕಂದೂರ, ಅದಕ್ಕೆ ಬೇಕಾದ ಒಳ್ಳೆಯ ಬಟ್ಟೆ ಜಪಾನಿನಿಂದ ಬರುತ್ತದೆ ಎಂಬುದು ಆ ಅಂಗಡಿಗೆ ಸೇರುವವರೆಗೆ ನನಗೆ ಗೊತ್ತಿರಲಿಲ್ಲ. ಬಿಳಿಯಲ್ಲಿ ಇಷ್ಟೊಂದು ಬಗೆ ಉಂಟೆಂಬುದೂ ಗೊತ್ತಿರಲಿಲ್ಲ. ನನಗೆ ಬಟ್ಟೆಯ ಜ್ಞಾನ ಕಡಿಮೆ. ಇಂಗ್ಲಿಷಿನಲ್ಲಿ ಮೇಲ್ ಬರೆಯುವುದು, ಬಂದವರ ಮಾತು ಸಾಹೇಬರಿಗೆ ತಿಳಿಸುವುದು, ಸಾಹೇಬರ ಮಾತಿನಿಂದ ಬೈಗುಳ ತೆಗೆದು ಬಂದವರಿಗೆ ಮುಟ್ಟಿಸುವುದು, ಇವು ನನ್ನ ಕೆಲಸ. ಕರಾಮದ ಹಳೆಯ ಕಟ್ಟಡವೊಂದರಲ್ಲಿ ಬೆಡ್‌ಸ್ಪೇಸ್, ಅಂದರೆ ಹಲವರಿರುವ ಕೋಣೆಯಲ್ಲಿ ಒಂದು ಮಂಚದ ಜಾಗ, ಹಿಡಿದಿದ್ದೆ, ದಿನವೂ ಮೆಟ್ರೋದಲ್ಲಿ ಹೋಗಿ ಬರುತ್ತಿದ್ದೆ.

ಪ್ರತಿ ಚಳಿಗಾಲ ಜಪಾನಿನ ಬಟ್ಟೆ ಕಂಪನಿಯಿಂದ ಒಬ್ಬ ಏಜೆಂಟ್ ಬರುತ್ತಿದ್ದ. ಸಣ್ಣ ಆಳು, ಅರ್ಧ ನರೆತ ಕೂದಲು, ಬಿಸಿಲಿರಲಿ ಇಲ್ಲದಿರಲಿ ಕೋಟು. ರಮದಾನಿಗೆ ಮೊದಲು ಬೇಕಾಗುವ ಮಾಲಿನ ಮಾದರಿಗಳನ್ನು ಪುಸ್ತಕದಂತೆ ಹೊಲಿಸಿ ತರುತ್ತಿದ್ದ. ಸಾಹೇಬರಿಗೆ ಬರುವ ಇಂಗ್ಲಿಷ್ ‘ನೋ ಪ್ರಾಬ್ಲಂ’ಗೆ ಮುಗಿಯುತ್ತಿತ್ತು, ಆತನಿಗೆ ಬರುವ ಅರಬಿ ಸಲಾಮಿಗೆ. ಆದರೆ ಇಬ್ಬರೂ ಎದುರೆದುರು ಕುಳಿತು ಒಂದೇ ತುಂಡನ್ನು ಎರಡು ತುದಿಯಿಂದ ಹಿಡಿದು, ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಇಟ್ಟು ಉಜ್ಜುತ್ತಿದ್ದರು. ಸಾಹೇಬರು ತುಟಿ ಓರೆ ಮಾಡಿದರೆ ಆತ ಮುಂದಿನ ತುಂಡು ತೆಗೆಯುತ್ತಿದ್ದ. ಸಾಹೇಬರು ಕಣ್ಣು ಮುಚ್ಚಿದರೆ ಅದು ಪಾಸು. ನಡುವೆ ಕುಳಿತ ನನಗೆ ಆ ಹೊತ್ತಿನಲ್ಲಿ ಕೆಲಸವೇ ಇರುತ್ತಿರಲಿಲ್ಲ, ಚಹಾ ತರಿಸುವುದು ಬಿಟ್ಟರೆ.

ಅಂಗಡಿಯಲ್ಲಿ ಒಂದು ರಿವಾಜು ಇತ್ತು. ಪರಿಚಯದ ಯಾರೇ ದುಬೈಯಲ್ಲಿ ತೀರಿಕೊಂಡರೂ ಕಫನ್ ಬಟ್ಟೆ ಸಾಹೇಬರ ಅಂಗಡಿಯಿಂದಲೇ ಹೋಗಬೇಕು. ದುಬೈಯಲ್ಲಿ ಕಫನ್‌ಗೆ ಯಾರೂ ಪರದಾಡಬೇಕಿಲ್ಲ, ಕಬರಸ್ತಾನದಲ್ಲೇ ಎಲ್ಲ ವ್ಯವಸ್ಥೆ ಇರುತ್ತದೆ. ಆದರೂ ಇವರದು ಹಟ. ಸುದ್ದಿ ಬಂದ ಕೂಡಲೇ ಹತ್ತಿ ಬಟ್ಟೆಯ ಥಾನು ಇಳಿಸಿ, ಬೇಕಾದಷ್ಟು ಉದ್ದ ತೆಗೆದು, ಸತ್ತವರ ಹೆಸರು ಹೇಳಿ ಕೈಯಿಂದಲೇ ಮೂರು ತುಂಡಾಗಿ ಹರಿಯುತ್ತಿದ್ದರು. ಕತ್ತರಿ ಮುಟ್ಟುತ್ತಿರಲಿಲ್ಲ. ಒಬ್ಬರ ಹೆಸರಿನಲ್ಲಿ ಹರಿದ ಬಟ್ಟೆ ಇನ್ನೊಬ್ಬರಿಗೆ ಆಗುವುದಿಲ್ಲ, ಮಾರುವುದಂತೂ ದೂರದ ಮಾತು. ಹೆಣಕ್ಕೆ ಸ್ನಾನ ಮಾಡಿಸಲು ಕರೆ ಬಂದರೆ ಅದಕ್ಕೂ ಹೋಗುತ್ತಿದ್ದರು.

ಒಂದು ವರ್ಷ ಏಜೆಂಟ್ ಕುಳಿತಿದ್ದಾಗಲೇ ಕರಾಮದಿಂದ ಫೋನು ಬಂತು. ಭಟ್ಕಳದ ಒಬ್ಬ ಮುದುಕರು ಹೋಗಿಬಿಟ್ಟಿದ್ದರು. ಸಾಹೇಬರು ಮಾದರಿಗಳನ್ನು ಸರಿಸಿ, ಎದ್ದು, ಬಟ್ಟೆ ಇಳಿಸಿದರು. ಹರಿಯುವಾಗ ಇನ್ನೊಂದು ತುದಿಯನ್ನು ಒಬ್ಬರು ಬಿಗಿಯಾಗಿ ಹಿಡಿಯಬೇಕು. ಅಂಗಡಿಯ ಸೇಲ್ಸ್‌ಮನ್ ಹೊರಗೆ ಹೋಗಿದ್ದ, ನಾನು ಇನ್ನೂ ಫೋನಿನಲ್ಲಿದ್ದೆ. ಸಾಹೇಬರು ಅತ್ತಿತ್ತ ನೋಡುತ್ತಿರುವಾಗ ಆ ಜಪಾನಿ ಚಹಾದ ಲೋಟ ಕೆಳಗಿಟ್ಟು ಬಂದು ತುದಿ ಹಿಡಿದ. ಮೂರು ತುಂಡೂ ಹರಿದು ಮುಗಿಯುವವರೆಗೆ ಹಿಡಿದೇ ಇದ್ದ. ಆಮೇಲೆ ಇದೇನೆಂದು ನನ್ನನ್ನು ಕೇಳಿದ. ಹೇಳಿದೆ. ಆತ ಮತ್ತೆ ಬಟ್ಟೆಯ ಅಂಚನ್ನು ಬೆರಳಲ್ಲಿ ಉಜ್ಜಿ, ನೇಯ್ಗೆ ಸಡಿಲವಾಯಿತು, ಇಂಥ ಕೆಲಸಕ್ಕೆ ಇದು ಸಾಲದು ಎಂದ. ನಾನು ಅದನ್ನೂ ತಿಳಿಸಿದೆ. ಕಫನ್‌ನಲ್ಲೂ ಐಬು ಹುಡುಕಿದ ಮನುಷ್ಯನನ್ನು ಸಾಹೇಬರು ಅದೇ ಮೊದಲು ಕಂಡಿದ್ದು.

“ಇದನ್ನು ಯಾರಿಗೆಲ್ಲ ಕೊಡ್ತೀರಿ ಅಂತ ಕೇಳ್ತಾನೆ,” ಎಂದೆ ನಾನು.

“ಕೇಳಿದವರಿಗೆ ಅಂತ ಹೇಳು.”

ಏಜೆಂಟ್ ನಕ್ಕ. ಹಾಗಾದರೆ ನನಗೂ ಒಂದು ಇಟ್ಟಿರಿ, ಆದರೆ ನೇಯ್ಗೆ ಬಿಗಿ ಇರಲಿ ಎಂದ. ನಾನೂ ನಗುತ್ತಲೇ ತಿಳಿಸಿದೆ. ಸಾಹೇಬರು ನಗಲಿಲ್ಲ. “ಆಯ್ತು ಅಂತ ಹೇಳು ಮಾರಾಯ,” ಎಂದು ಕೈ ಚಾಚಿದರು. ಆರ್ಡರ್ ಗಟ್ಟಿಯಾದಾಗ ಕೊಡುವ ಹಾಗೆಯೇ ಕೈ ಕೊಟ್ಟರು. ಆತನೂ ಎರಡೂ ಕೈಯಿಂದ ಹಿಡಿದುಕೊಂಡ. ಅದು ತಮಾಷೆಯೆಂದೇ ನಾನು ತಿಳಿದಿದ್ದೆ.

ಅದಾಗಿ ಮೂರ್ನಾಲ್ಕು ವರ್ಷ ಆತ ಬರುತ್ತಿದ್ದ. ಒಂದು ಚಳಿಗಾಲ ಬರಲಿಲ್ಲ. ಕಂಪನಿಯಿಂದ ಮೇಲ್ ಬಂತು: ಇನ್ನು ಮುಂದೆ ನಿಮ್ಮ ವ್ಯವಹಾರವನ್ನು ಹೊಸಬರು ನೋಡಿಕೊಳ್ಳುತ್ತಾರೆ, ಹಿಂದಿನವರು ಬೇಸಿಗೆಯಲ್ಲಿ ಅನಾರೋಗ್ಯದಿಂದ ನಿಧನರಾದರು, ಹೊಸ ದರಪಟ್ಟಿ ಲಗತ್ತಿಸಿದೆ. ನಾನು ಓದಿ ಹೇಳಿದೆ. ಸಾಹೇಬರು ಇನ್ನೊಮ್ಮೆ ಓದಿಸಿದರು.

“ಅಷ್ಟೇ? ಒಂದು ಸಾಲಿನಲ್ಲಿ ಖಲಾಸ್ ಮಾಡಿದ್ರಾ?”

“ಅಷ್ಟೇ ಉಂಟು ಸಾಹೇಬ್ರೆ.”

ನಮ್ಮಲ್ಲಿ ಸತ್ತವರ ಮನೆಗೆ ಮೂರು ದಿನದೊಳಗೆ ಹೋಗಿ ಸಾಂತ್ವನ ಹೇಳಬೇಕು. ಇಲ್ಲಿ ತಿಂಗಳುಗಳೇ ಕಳೆದಿದ್ದವು. ಆದರೂ ಆತನ ಮನೆಗೆ ಹೋಗಿ ಬರುತ್ತೇನೆ, ಕೇಳು ಎಂದರು ಸಾಹೇಬರು. ಬರೆದೆ. ಹೊಸ ಏಜೆಂಟನಿಂದ ಉತ್ತರ ಬಂತು. ಬಹಳ ವಿನಯದ ಉತ್ತರ. ಕುಟುಂಬದವರು ಯಾರನ್ನೂ ಭೇಟಿಯಾಗಲು ಬಯಸುವುದಿಲ್ಲ, ಅಸ್ಥಿಯ ಒಂದು ಭಾಗವನ್ನು ಕೋಯಾ ಎಂಬ ಬೆಟ್ಟದ ಮೇಲಿನ ಪುರಾತನ ಸ್ಮಶಾನದಲ್ಲಿ ಇರಿಸಿದ್ದಾರೆ, ನೀವು ಮಾಲು ನೋಡಲು ಒಸಾಕಾಕ್ಕೆ ಬರುವುದಾದರೆ ಅಲ್ಲಿಗೆ ದಿನದ ಪ್ರವಾಸದ ಬಸ್ಸುಗಳಿವೆ ಎಂದಿತ್ತು. ಜೊತೆಗೆ ಸಮಾಧಿ ಕಲ್ಲಿನ ಒಂದು ಫೋಟೋ.

“ಕೋಯಾ ಅಂದ್ರೆ ಕೋಝಿಕ್ಕೋಡಿನ ನಮ್ಮವ್ರ ಮನೆತನದ ಹೆಸ್ರಲ್ವಾ?” ಎಂದರು ಸಾಹೇಬರು. ಆದರೆ ಆ ದಿನವೇ ಟಿಕೆಟ್ ವಿಚಾರಿಸಲು ಹೇಳಿದರು.

ಬಿಗಿ ನೇಯ್ಗೆಯ ಹತ್ತಿ ಬಟ್ಟೆಗಾಗಿ ಅವರು ದೇರಾದ ಅಂಗಡಿ ಅಂಗಡಿ ಅಲೆದರು. ಇಪ್ಪತ್ತು ಕಡೆ ಉಜ್ಜಿ ನೋಡಿ ತುಟಿ ಓರೆ ಮಾಡಿದರು. ಕೊನೆಗೆ ಈರೋಡಿನಿಂದ ಒಂದು ಥಾನು ತರಿಸಿದರು. ಅದು ಕೈಗೆ ಸಿಕ್ಕಾಗ ಕಣ್ಣು ಮುಚ್ಚಿದರು. ಅದರಿಂದ ಒಬ್ಬರಿಗೆ ಬೇಕಾದಷ್ಟು ತೆಗೆದು ಮಡಿಸಿದರು, ಆದರೆ ಮೂರು ತುಂಡು ಮಾಡಲಿಲ್ಲ. “ಇಲ್ಲಿ ಹರಿದು, ಅಲ್ಲಿಗೆ ಮುಟ್ಟದಿದ್ರೆ ಎಂತ ಮಾಡುದು? ಅಲ್ಲಿಯೇ ಹರಿಯುವ,” ಎಂದರು.

ಮಗನಿಗೆ ಇದು ಸರಿಬರಲಿಲ್ಲ. ಅವನು ಹೆಂಡತಿ ಮಕ್ಕಳೊಂದಿಗೆ ಅಬುಧಾಬಿಯ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲಿದ್ದ, ಕಂಪನಿಯೊಂದರಲ್ಲಿ ಕೆಲಸ. ಬಟ್ಟೆ ವ್ಯಾಪಾರ ಬೇಡವೆಂದು ಹೋದವನು. ಒಂದು ಶುಕ್ರವಾರ ನಾನೇ ಕಾರು ಓಡಿಸಿಕೊಂಡು ಸಾಹೇಬರನ್ನು ಅವನ ಮನೆಗೆ ಊಟಕ್ಕೆ ಕರೆದೊಯ್ದಿದ್ದೆ. ನಾನು ಇದ್ದುದರಿಂದ ಅವನು ಕನ್ನಡದಲ್ಲೇ ಮಾತಾಡಿದ.

“ಅಬ್ಬಾ, ಬಿ ಪ್ರಾಕ್ಟಿಕಲ್. ಅವ್ರನ್ನ ಸುಟ್ಟಾಗಿದೆ. ಬಾಡಿಯೇ ಇಲ್ಲ. ಯಾರಿಗೆ ಹೊದಿಸ್ತೀರಿ?”

“ಹೊದಿಸ್ತೇನೆ ಅಂತ ನಾನು ಹೇಳ್ಲಿಲ್ಲ. ಕೊಡ್ತೇನೆ ಅಂತ ಹೇಳಿದ್ದು.”

“ಯಾರ ಕೈಯಲ್ಲಿ ಕೊಡ್ತೀರಿ?”

“ಅಲ್ಲಿ ಹೋದ್ರೆ ಗೊತ್ತಾಗ್ತದೆ.”

ಮಗ ನನ್ನ ಕಡೆ ನೋಡಿದ. ನೀವಾದರೂ ಹೇಳಬಾರದೇ ಎಂಬ ನೋಟ. ನಾನು ಬಿರಿಯಾನಿ ನೋಡಿದೆ. ಸಂಬಳ ಕೊಡುವವರಿಗೂ ಅವರ ಮಗನಿಗೂ ನಡುವಿನ ಮಾತಿಗೆ ತಲೆ ಹಾಕುವಷ್ಟು ಮೂರ್ಖ ನಾನಲ್ಲ. ಆದರೆ ಮನಸ್ಸಿನಲ್ಲಿ ನಾನು ಮಗನ ಪಕ್ಷವೇ ಆಗಿದ್ದೆ.

ಹೊರಡುವ ಮೊದಲು ಸಾಹೇಬರು ದೇರಾದ ಒಬ್ಬ ಮೌಲವಿಯನ್ನೂ ಕೇಳಿದರು. ಬದುಕಿರುವವರಿಗೆ ಸಮಾಧಾನ ಹೇಳಿ, ಸಮಾಧಿ ನೋಡುವುದಕ್ಕೆ ಅಡ್ಡಿಯಿಲ್ಲ, ಆದರೆ ಸತ್ತವರು ನಮ್ಮ ಧರ್ಮದವರಲ್ಲದಿದ್ದರೆ ಅವರ ಮಗ್ಫಿರತ್‌ಗೆ, ಅಂದರೆ ಅವರ ಪಾಪ ಮನ್ನಿಸೆಂದು, ದುವಾ ಮಾಡುವ ಹಾಗಿಲ್ಲ ಎಂದರಂತೆ. ಸಾಹೇಬರು ಇಂಥ ವಿಷಯದಲ್ಲಿ ಕಟ್ಟುನಿಟ್ಟು. ಅಂದರೆ ಲೆಕ್ಕ ಹೀಗಾಯಿತು: ಮನೆಯವರನ್ನು ನೋಡುವಂತಿಲ್ಲ, ಸತ್ತವನಿಗೆ ಪ್ರಾರ್ಥಿಸುವಂತಿಲ್ಲ, ಹೊದಿಸಲು ಹೆಣವಿಲ್ಲ. ಕೊಟ್ಟ ಮಾತು ಮಾತ್ರ ಹಾಗೇ ಇತ್ತು.

ಹೀಗೆ ನಾವು ಆ ಬಸ್ಸಿನಲ್ಲಿ ಕುಳಿತಿದ್ದು. ಗೈಡ್ ಐವತ್ತು ದಾಟಿದ ಹೆಂಗಸು, ಕೈಯಲ್ಲಿ ಹಳದಿ ಬಾವುಟ, ತಲೆಗೆ ಹ್ಯಾಟು. ಎಲ್ಲಿ ನಿಲ್ಲುತ್ತೇವೆ, ಎಷ್ಟು ಹೊತ್ತಿಗೆ ಹತ್ತಬೇಕು, ಎಲ್ಲಿ ಫೋಟೋ ಬೇಡ, ಎಲ್ಲಿ ಚಪ್ಪಲಿ ಬಿಡಬೇಕು ಎಂದು ಇಂಗ್ಲಿಷಿನಲ್ಲಿ ಹೇಳುತ್ತ ಹೋದಳು. ಅಂಕುಡೊಂಕು ರಸ್ತೆಯಲ್ಲಿ ಬಸ್ಸು ಬೆಟ್ಟ ಹತ್ತುವಾಗ ಹಲವರು ಕಣ್ಣು ಮುಚ್ಚಿ ಕುಳಿತರು. ಸಾಹೇಬರು ಕಿಟಕಿಯಾಚೆ ದೇವದಾರು ಮರಗಳನ್ನು ನೋಡುತ್ತ, “ಇಷ್ಟು ನೀರು, ಇಷ್ಟು ಮರ ಇಟ್ಕೊಂಡು ಇವ ಪ್ರತಿ ವರ್ಷ ನಮ್ಮ ಧೂಳಿಗೆ ಯಾಕೆ ಬರ್ತಿದ್ದ?” ಎಂದರು. ನೀವು ಆರ್ಡರ್ ಕೊಡ್ತಿದ್ರಿ, ಅದಕ್ಕೆ ಎಂದೆ.

ಮೊದಲು ನಿಂತದ್ದು ಬೆಟ್ಟದ ಹೆಬ್ಬಾಗಿಲಲ್ಲಿ. ಕೆಂಪು ಬಣ್ಣದ ಭಾರಿ ಮರದ ಬಾಗಿಲು, ಎರಡೂ ಕಡೆ ಕಣ್ಣು ಕೆಕ್ಕರಿಸಿದ ಕಾವಲು ಮೂರ್ತಿಗಳು. ಸಾಹೇಬರು ದೂರದಲ್ಲೇ ನಿಂತು, ಮೂರ್ತಿಗಳ ಕಡೆ ನೋಡದೆ, ಮರದ ಕಂಬಗಳ ದಪ್ಪ ನೋಡಿದರು. ಅಲ್ಲಿಂದ ಸಾವಿರ ವರ್ಷಕ್ಕೂ ಹಿಂದೆ ಮಠ ಕಟ್ಟಿದ ಅಂಗಳ, ಅದರ ನಡುವೆ ಕುಂಕುಮ ಬಣ್ಣದ ಗೋಪುರ. ಅಲ್ಲಿಂದ ದೊಡ್ಡ ಮಠ, ಅದರ ಹಿಂದೆ ಬಿಳಿ ಮರಳನ್ನು ಬಾಚಿ ಗೆರೆ ಎಳೆದು ಕಲ್ಲು ನೆಟ್ಟ ಅಂಗಳ. ಎಲ್ಲರೂ ಆ ಮರಳಿನ ಮುಂದೆ ಮೌನವಾಗಿ ಕುಳಿತರು. ಗೈಡ್ ಇದು ಧ್ಯಾನಕ್ಕೆ ಎಂದಳು.

“ಇವ್ರು ಬಾಚಣಿಗೆ ಹಿಡ್ಕೊಂಡು ನಮ್ಮಲ್ಲಿಗೆ ಬರ್ಲಿ,” ಎಂದರು ಸಾಹೇಬರು ಮೆಲ್ಲಗೆ. “ಅಲ್ ಐನ್ ದಾರಿಯ ಮರಳು ಪೂರ್ತಿ ಕೊಡ್ತೇನೆ.”

ಈ ಬೆಟ್ಟದ ಮಠ ಸ್ಥಾಪಿಸಿದ ಸಂನ್ಯಾಸಿ ಸತ್ತಿಲ್ಲ, ಸ್ಮಶಾನದ ಕೊನೆಯ ಗುಹೆಯಲ್ಲಿ ಇಂದಿಗೂ ಧ್ಯಾನದಲ್ಲಿದ್ದಾನೆ ಎಂಬುದು ಇಲ್ಲಿನವರ ನಂಬಿಕೆ, ದಿನವೂ ಅವನಿಗೆ ಬಿಸಿ ಊಟ ಒಯ್ದಿಡುತ್ತಾರೆ ಎಂದು ಗೈಡ್ ಹೇಳಿದಾಗ ಮಾತ್ರ ಸಾಹೇಬರು ಕಿವಿಗೊಟ್ಟರು. ಇಷ್ಟು ಶತಮಾನದಿಂದಲೂ ಒಯ್ಯುತ್ತಾರಾ ಎಂದು ನನ್ನಿಂದ ಕೇಳಿಸಿದರು. ಹೌದು, ತಪ್ಪದೆ, ಎಂದಳು ಗೈಡ್. ಸಾಹೇಬರು ಅದಕ್ಕೆ ನಗಲಿಲ್ಲ, ತಪ್ಪೆಂದೂ ಹೇಳಲಿಲ್ಲ. ತಮ್ಮ ಚೀಲವನ್ನು ಕಂಕುಳಿಗೆ ಸರಿಸಿಕೊಂಡರು.

ತೊಂದರೆ ಶುರುವಾಗಿದ್ದು ಅಲ್ಲಿಂದ. ಸ್ಮಶಾನ ಬಹಳ ದೊಡ್ಡದು, ಒಂದು ಸೇತುವೆಯಿಂದ ಇನ್ನೊಂದಕ್ಕೆ ಕಾಡಿನೊಳಗೆ ಲಕ್ಷಗಟ್ಟಲೆ ಕಲ್ಲುಗಳಿವೆ, ನಮ್ಮ ಗುಂಪು ಹೋಗುವುದು ಪಾರ್ಕಿಂಗ್ ಕಡೆಯ ಹೊಸ ದಾರಿಯಲ್ಲಿ ಎಂದಳು ಗೈಡ್. ಫೋಟೋ ತೋರಿಸಿದೆ. ಅದು ಹಳೆಯ ದಾರಿಯಲ್ಲಿ, ನಡುಸೇತುವೆಯ ಹತ್ತಿರ, ನಾವು ಆ ಕಡೆ ಹೋಗುವುದಿಲ್ಲ, ಕ್ಷಮಿಸಿ ಎಂದಳು. ಗುಂಪು ಬಿಟ್ಟು ಹೋಗುವಂತಿಲ್ಲವಂತೆ. ಸಾಹೇಬರಿಗೆ ಕನ್ನಡದಲ್ಲಿ ಹೇಳಿದೆ. ಅವರು ನನ್ನ ಮೇಲೆ ರೇಗಿದರು, ನಾನೇ ದಾರಿ ಹಾಕಿದವನ ಹಾಗೆ. ಆಮೇಲೆ ಕೇಳಿದರು: “ಊಟ ಎಷ್ಟು ಹೊತ್ತಿಗೆ?”

ಊಟಕ್ಕೆ ಮಠದ ಸಸ್ಯಾಹಾರ ಕಾದಿತ್ತು. ಬೆಳಿಗ್ಗೆಯಿಂದ ನಾನು ಅದನ್ನೇ ನೆನೆಸುತ್ತಿದ್ದೆ. ನಮ್ಮಿಬ್ಬರಿಗೂ ಊಟ ಬೇಡ, ಆ ಹೊತ್ತಿನಲ್ಲಿ ಸಮಾಧಿಗೆ ಹೋಗಿ ಬರುತ್ತೇವೆ ಎಂದು ಹೇಳು ಎಂದರು. ನನಗೆ ಬೇಕು ಎಂದು ಹೇಳುವಷ್ಟು ಧೈರ್ಯ ಬರಲಿಲ್ಲ. ಗೈಡ್ ಸ್ವಲ್ಪ ಹೊತ್ತು ಬಾವುಟದ ಕೋಲು ತಿರುಗಿಸುತ್ತ ಯೋಚಿಸಿದಳು. ನಕಾಶೆಯಲ್ಲಿ ಗುರುತು ಹಾಕಿಕೊಟ್ಟಳು. ಗುಂಪು ಊಟ ಮುಗಿಸಿ ಸ್ಮಶಾನಕ್ಕೆ ಬಂದಾಗ ನಾನೇ ಬಂದು ನಿಮ್ಮನ್ನು ಕರೆಯುತ್ತೇನೆ, ಅಲ್ಲಿಂದ ಕದಲಬೇಡಿ, ಸಮಾಧಿಯ ಬಳಿ ಯಾವ ವಸ್ತುವನ್ನೂ ಬಿಟ್ಟು ಬರಬೇಡಿ ಎಂದಳು. ಕೊನೆಯ ಮಾತನ್ನು ನಾನು ಸಾಹೇಬರಿಗೆ ತಿಳಿಸಿದೆ. ಅವರು ಕೇಳಿಸಿಕೊಂಡರೋ ಇಲ್ಲವೋ ಗೊತ್ತಾಗಲಿಲ್ಲ.

ಹಳೆಯ ದಾರಿಯಲ್ಲಿ ಬಿಸಿಲೇ ಇರಲಿಲ್ಲ. ಎರಡು ಆಳು ತಬ್ಬಿದರೂ ಸಿಗದ ಮರಗಳು, ಅವುಗಳ ಬುಡದಲ್ಲಿ ಪಾಚಿ ಹಿಡಿದ ಕಲ್ಲುಗಳು. ರಾಜರದು, ಯೋಧರದು, ಯಾರದೋ. ಸಾಹೇಬರು ವೇಗವಾಗಿ ನಡೆದರು. ನಾನು ಫೋನಿನ ಫೋಟೋ ಮುಂದಿಟ್ಟುಕೊಂಡು ಕಲ್ಲಿನ ಮೇಲಿನ ಅಕ್ಷರಗಳನ್ನು ಚಿತ್ರ ಹೋಲಿಸುವ ಹಾಗೆ ಹೋಲಿಸುತ್ತ ಹೋದೆ. ಎರಡು ಸಲ ತಪ್ಪು ಕಲ್ಲಿನ ಮುಂದೆ ನಿಂತೆವು. ಕೊನೆಗೆ ಸಿಕ್ಕಿತು. ಕಲ್ಲಿನ ಕಟ್ಟೆಯ ಮೇಲೆ ಸೊಂಟದೆತ್ತರದ ಬೂದು ಕಲ್ಲು, ಮುಂದೆ ಒಣಗಿದ ಹೂವು.

ಸಾಹೇಬರು ನಿಂತರು. ಕೈ ಎತ್ತಲಿಲ್ಲ, ತುಟಿ ಅಲುಗಿಸಲಿಲ್ಲ. ಮೌಲವಿಯ ಮಾತಿಗೆ ಒಂದಿಷ್ಟೂ ಮೀರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಚೀಲದಿಂದ ಬಟ್ಟೆ ತೆಗೆದು ಮಡಿಕೆ ಬಿಚ್ಚಿದರು.

“ಹಿಡಿ,” ಎಂದರು.

ನಾನು ತುದಿ ಹಿಡಿದೆ. ಅವರು ಏಜೆಂಟನ ಹೆಸರು ಹೇಳಿದರು. ಅಷ್ಟು ವರ್ಷ ಅಂಗಡಿಯಲ್ಲಿ ‘ನಮ್ಮ ಜಪಾನಿ’ ಎಂದೇ ಕರೆಯುತ್ತಿದ್ದವರಿಗೆ ಪೂರ್ತಿ ಹೆಸರು ಗೊತ್ತಿತ್ತೆಂದು ನನಗೆ ಆಗ ತಿಳಿಯಿತು. ಹರಿಯಲು ಎಳೆದರು. ಬಟ್ಟೆ ಹರಿಯಲಿಲ್ಲ. ನೇಯ್ಗೆ ಅಷ್ಟು ಬಿಗಿ. ಅವರು ಹಲ್ಲಿನಿಂದ ಅಂಚು ಕಚ್ಚಿ ಬಿಡಿಸಿ ಮತ್ತೆ ಎಳೆದರು. ನಾನು ಕಾಲೂರಿ ಹಿಡಿದುಕೊಂಡೆ. ಈ ಸಲ ಹರಿಯಿತು. ಆ ಸದ್ದು ಕಾಡಿನಲ್ಲಿ ದೊಡ್ಡದಾಗಿ ಕೇಳಿಸಿತು. ಮೂರು ತುಂಡಾಗುವ ಹೊತ್ತಿಗೆ ಅವರು ಏದುಸಿರು ಬಿಡುತ್ತಿದ್ದರು.

ಹತ್ತಿರದ ಇನ್ನೊಂದು ಕಲ್ಲಿನ ಬಳಿ ಒಬ್ಬ ಮುದುಕಿ ಮರದ ಸೌಟಿನಿಂದ ಬಕೆಟ್ಟಿನ ನೀರನ್ನು ಕಲ್ಲಿನ ಮೇಲೆ ಹುಯ್ಯುತ್ತಿದ್ದಳು. ಸಾಹೇಬರು ಅದನ್ನೇ ನೋಡಿದರು.

“ಇವ್ರು ಕಲ್ಲು ತೊಳೀತಾರಾ?”

“ಹಾಗೇ ಕಾಣ್ತದೆ.”

“ತೊಳೆಯುವಾಗ ಮಂತ್ರ ಗಿಂತ್ರ ಎಂತದೂ ಓದ್ಲಿಕ್ಕೆ ಇಲ್ವಲ್ಲ?”

“ಇಲ್ಲ ಸಾಹೇಬ್ರೆ. ನೀರು ಮಾತ್ರ.”

ಮುದುಕಿ ಹೋಗುವಾಗ ಬಕೆಟ್ಟು ಬೇಕೇ ಎಂದು ಸನ್ನೆಯಲ್ಲಿ ಕೇಳಿ ಕೊಟ್ಟು ಹೋದಳು. ಸಾಹೇಬರು ಬಟ್ಟೆಯ ಅಂಚಿನಿಂದ ಒಂದು ಪಟ್ಟಿ ಹರಿದು ಕೈಗೆ ಸುತ್ತಿಕೊಂಡರು, ಅಂಗಿಯ ತೋಳು ಮಡಿಸಿದರು. ಮೊದಲು ಕಲ್ಲಿನ ಬಲಗಡೆ, ಆಮೇಲೆ ಎಡಗಡೆ, ಮೇಲಿನಿಂದ ಕೆಳಕ್ಕೆ, ಮೆಲ್ಲಗೆ, ಎಲ್ಲೂ ಒತ್ತದೆ. ಹೆಣಕ್ಕೆ ಸ್ನಾನ ಮಾಡಿಸುವುದು ಹೀಗೆಯೇ. ಅದನ್ನು ನಾನು ಕಬರಸ್ತಾನದಲ್ಲಿ ನೋಡಿದ್ದೆ, ಆದ್ದರಿಂದ ಗುರುತಿಸಿದೆ. ನೀರು ಹಾಕಲು ಹೇಳಿದಾಗಲೆಲ್ಲ ಹಾಕಿದೆ. ಆಗಲೇ ನನ್ನ ಸಿಟ್ಟು ಇಳಿದಿದ್ದು. ಯಾಕೆಂದು ಕೇಳಿದರೆ ಹೇಳಲಾರೆ. ದುಃಖವಾಯಿತೆಂದರೆ ಸುಳ್ಳು, ಆ ಮನುಷ್ಯ ನನಗೆ ಏನೂ ಆಗಬೇಕಿರಲಿಲ್ಲ. ಆದರೆ ಬಂದದ್ದು ಒಳ್ಳೆಯದಾಯಿತು ಎನ್ನಿಸಿತು.

ತೊಳೆದಾದ ಮೇಲೆ ಸಾಹೇಬರು ಕಟ್ಟೆಯ ಮೇಲೆ ಕುಳಿತರು. ಒಂದು ತುಂಡಿನ ತುದಿಯನ್ನು ಕಲ್ಲಿನ ಮೇಲಿಟ್ಟು, ಇನ್ನೊಂದು ತುದಿಯನ್ನು ತಮ್ಮ ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಹಿಡಿದು ಉಜ್ಜಿದರು. ಅಂಗಡಿಯಲ್ಲಿ ಮಾದರಿ ನೋಡುವಾಗ ಉಜ್ಜುತ್ತಿದ್ದಂತೆಯೇ. ಆಮೇಲೆ ಕಣ್ಣು ಮುಚ್ಚಿದರು.

ಹಳದಿ ಬಾವುಟ ಕಂಡದ್ದು ಆಗ. ಗೈಡ್ ಬೇಗ ಬೇಗ ಬರುತ್ತಿದ್ದಳು. ಒದ್ದೆ ಕಲ್ಲಿನ ಮೇಲೆ ಕಣ್ಣು ಹಾಯಿಸಿದಳು. ಸಾಹೇಬರ ಕೈಯಲ್ಲಿದ್ದ ಬಟ್ಟೆ ನೋಡಿ ಅದೇನು ಎಂದಳು. ಹೇಳಿದೆ. ಎಲ್ಲವನ್ನೂ ಹೇಳಿದೆ, ಅಂಗಡಿಯಲ್ಲಿ ಕೈ ಕೊಟ್ಟಿದ್ದರಿಂದ ಹಿಡಿದು. ಅವಳು ಪೂರ್ತಿ ಕೇಳಿದಳು. ಆದರೂ ಇಲ್ಲಿ ಬಿಡುವ ಹಾಗಿಲ್ಲ, ನಾಳೆ ಗುಡಿಸುವವರು ಕಸವೆಂದು ಎತ್ತಿಬಿಡುತ್ತಾರೆ ಎಂದಳು. ಅದನ್ನು ಕನ್ನಡದಲ್ಲಿ ಹೇಳುವಾಗ ಕಸ ಎಂಬ ಮಾತನ್ನು ನಾನು ನುಂಗಿದೆ.

“ವಾಪಸ್ ತಗೊಂಡು ಹೋಗ್ಲಿಕ್ಕಾಗುದಿಲ್ಲ,” ಎಂದರು ಸಾಹೇಬರು. “ಹರಿದಾಯ್ತು. ಅವ್ರ ಹೆಸ್ರು ಹೇಳಿ ಹರಿದಾಯ್ತು.”

ಗೈಡ್ ಇನ್ನೊಂದು ದಾರಿ ಹೇಳಿದಳು. ಹಳೆಯ ತಾಯಿತಗಳು, ಪೂಜೆಯ ಮರದ ಫಲಕಗಳು, ಸತ್ತವರಿಗೆ ಸಂಬಂಧಿಸಿದ ವಸ್ತುಗಳನ್ನು ಎಸೆಯಬಾರದೆಂದು ಮಠದವರು ತೆಗೆದುಕೊಂಡು, ಮಂತ್ರ ಹೇಳಿ, ಬೆಂಕಿಗೆ ಅರ್ಪಿಸುತ್ತಾರೆ. ಸ್ಮಶಾನದ ಕೊನೆಯಲ್ಲಿರುವ ದೀಪಗಳ ಮಂಟಪದ ಪಕ್ಕದ ಕಚೇರಿಯಲ್ಲಿ ಕೊಟ್ಟರೆ ಆಯಿತು. ನಾನು ಕೇಳಿ ಕೊಡುತ್ತೇನೆ ಎಂದಳು.

ಇದನ್ನು ಹೇಗೆ ತಿಳಿಸುವುದೆಂದು ನನಗೆ ತೋಚಲಿಲ್ಲ. ಅಷ್ಟು ವರ್ಷದ ನೌಕರಿಯಲ್ಲಿ ನನಗೆ ಅಷ್ಟು ಕಷ್ಟದ ಮಾತು ಬಂದಿರಲಿಲ್ಲ. ನಮ್ಮವರಿಗೆ ಬೆಂಕಿ ಎಂದರೆ ನರಕದ ಶಿಕ್ಷೆ. ಸತ್ತವರ ಹತ್ತಿರ ಅದನ್ನು ತರುವುದೇ ಇಲ್ಲ. ಸಾಹೇಬರಂಥವರು ಕಫನ್ ಸುಡುವುದೆಂದರೆ ಕೇಳಿಸಿಕೊಳ್ಳುವ ಮಾತೇ ಅಲ್ಲ. ನಾನು ಮೆಲ್ಲಗೆ, ಮಂತ್ರವನ್ನೂ ಬಿಡದೆ, ಇದ್ದದ್ದು ಇದ್ದ ಹಾಗೆ ಹೇಳಿದೆ.

ಸಾಹೇಬರ ಮುಖ ಬಿಗಿಯಿತು. ಮೂರು ತುಂಡನ್ನೂ ಎದೆಗೆ ಒತ್ತಿ ಹಿಡಿದುಕೊಂಡರು. ಗೈಡ್ ಗಡಿಯಾರ ನೋಡಿದಳು, ಆಮೇಲೆ ಕೈ ಹಿಂದೆ ಕಟ್ಟಿಕೊಂಡು ನಿಂತಳು. ನಮ್ಮ ಗುಂಪಿನವರು ಅತ್ತ ಕಾಯುತ್ತಿದ್ದರು.

“ಅವ್ರನ್ನೂ ಹಾಗೇ ಕಳ್ಸಿದ್ದಲ್ವಾ?” ಎಂದು ಕೇಳಿದರು.

“ಹೌದು ಸಾಹೇಬ್ರೆ.”

“ಅವ್ರು ಹೋದ ದಾರಿ ಅದು. ನಾನು ಬೇರೆ ದಾರಿಯಲ್ಲಿ ಕಳ್ಸಿದ್ರೆ ಅವ್ರಿಗೆ ಮುಟ್ಟುದು ಹೇಗೆ?”

ಅವರು ಎದ್ದು ಬಟ್ಟೆಯನ್ನು ಅಂಚಿಗೆ ಅಂಚು ಸೇರಿಸಿ ಮಡಿಸಿದರು. “ಯಲ್ಲಾ, ನಡಿ, ತೋರ್ಸಲಿಕ್ಕೆ ಹೇಳು,” ಎಂದರು.

ಕಚೇರಿಯಲ್ಲಿ ತಲೆ ಬೋಳಿಸಿದ ಎಳೆ ವಯಸ್ಸಿನ ಸಂನ್ಯಾಸಿಯೊಬ್ಬ ಕುಳಿತಿದ್ದ. ಗೈಡ್ ಅವನಿಗೆ ಏನೋ ಬಹಳ ಹೊತ್ತು ಹೇಳಿದಳು. ಅವನು ಎದ್ದು ನಿಂತು ಎರಡೂ ಕೈ ಚಾಚಿದ. ಸಾಹೇಬರೂ ಎರಡೂ ಕೈಯಿಂದ ಕೊಟ್ಟರು. ಕೊಟ್ಟ ಮೇಲೆ ಬಾಗಿಲ ಕಡೆ ತಿರುಗಿ ನೇರವಾಗಿ ಹೊರಗೆ ಬಂದುಬಿಟ್ಟರು. ದೀಪಗಳ ಮಂಟಪವನ್ನು ಅವರು ನೋಡಲಿಲ್ಲ, ನಾನೂ ನೋಡಲಿಲ್ಲ. ಸಾವಿರಾರು ದೀಪ ಉರಿಯುತ್ತವೆ ಎಂದು ಬಸ್ಸಿನಲ್ಲಿ ಬೇರೆಯವರು ಹೇಳಿದ್ದು ಕೇಳಿದೆ.

ಬಸ್ಸು ಇಳಿಯತೊಡಗಿತು. ಸಾಹೇಬರು ಖಾಲಿ ಚೀಲವನ್ನು ಚಿಕ್ಕದಾಗಿ ಮಡಿಸಿ ಜೇಬಿಗೆ ಹಾಕಿದರು. ಸ್ವಲ್ಪ ಹೊತ್ತಿನ ಮೇಲೆ, “ದೇರಾದಲ್ಲಿ ಇದನ್ನ ಯಾರಿಗೂ ಹೇಳ್ಬೇಡ,” ಎಂದರು. ಮೌಲವಿಗಾ ಎಂದೆ. “ಅವ್ರಿಗೆ ಮುಖ್ಯವಾಗಿ.” ಆಮೇಲೆ ನನಗೆ ಊಟವಾಗಿಲ್ಲ ಎಂಬುದು ಅವರಿಗೆ ನೆನಪಾಯಿತು. ಕೋಟಿನ ಜೇಬಿನಿಂದ ಖರ್ಜೂರದ ಪೊಟ್ಟಣ ತೆಗೆದು ಕೊಟ್ಟರು. ಇದು ಬೆಳಿಗ್ಗೆಯಿಂದ ಇತ್ತು, ಮರೆತೆ ಎಂದರು. ನಾನು ಎಲ್ಲವನ್ನೂ ತಿಂದೆ.

ನಾನು ಯಾರಿಗೂ ಹೇಳಲಿಲ್ಲ. ಈಗ ಬರೆಯುತ್ತಿರುವುದು, ಸಾಹೇಬರೂ ಹೋಗಿಬಿಟ್ಟರು, ಇನ್ನು ಯಾರೂ ಅವರಲ್ಲಿ ತಪ್ಪು ಹಿಡಿಯಲಾರರು ಎಂದು. ಅವರು ಹೋದ ದಿನ ಮಗ ಅಬುಧಾಬಿಯಿಂದ ಆಸ್ಪತ್ರೆಗೆ ಬಂದು, ಅಲ್ಲಿಂದ ನೇರವಾಗಿ ಅಂಗಡಿಗೆ ಬಂದ. ಶಟರ್ ಅರ್ಧ ಇಳಿಸಿ ನಾನು ಒಬ್ಬನೇ ಕುಳಿತಿದ್ದೆ. ಈರೋಡಿನ ಆ ಥಾನಿನಲ್ಲಿ ಉಳಿದ ಬಟ್ಟೆಯನ್ನು ಸಾಹೇಬರು ಮಾರಿರಲಿಲ್ಲ, ಬೇರೆ ಯಾರ ಸಾವಿಗೂ ಇಳಿಸಿರಲಿಲ್ಲ. ನಾನು ಅದನ್ನು ಇಳಿಸಿದೆ.

ಮಗ ಕೌಂಟರಿನ ಮೇಲೆ, ಕೆಳಗೆ, ಎಲ್ಲ ಕಡೆ ಹುಡುಕಿದ. ಕಣ್ಣು ಕೆಂಪಾಗಿತ್ತು.

“ಸಿಸರ್ಸ್ ಎಲ್ಲಿ ಇಡ್ತಾರೆ?” ಎಂದ.

“ಬೇಡ,” ಎಂದು ತುದಿಯನ್ನು ಅವನ ಕೈಗೆ ಕೊಟ್ಟೆ. “ಹಿಡೀರಿ. ಬಿಡ್ಬಾರ್ದು.”

ಅವನು ಹಿಡಿದ. ನಾನು ಸಾಹೇಬರ ಹೆಸರು ಹೇಳಿ ಎಳೆದೆ. ನೇಯ್ಗೆ ಬಹಳ ಬಿಗಿ ಇತ್ತು, ಹರಿಯಲು ಇಬ್ಬರಿಗೂ ಕಷ್ಟವಾಯಿತು.